ಒಂದು ವಿರಹಗೀತೆ, ಎರಡು ಕಂಠ

ರಾಜ್ಯೋತ್ಸವದ ಸಂಚಿಕೆಗೆ ಇತಿಹಾಸಕ್ಕೆ ಸಂಬಂಧಪಟ್ಟ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ಮೊದಲು ತೋಚಿದವು ಪುಲಕೇಶಿ, ನೃಪತುಂಗ, ವಿಜಯನಗರ ಇವೇ. ಆದರೆ ಆ ಮಹನೀಯರ ಕುರಿತು ಬರೆಯಲು ನಮಗಿಂತ ಬಲ್ಲವರು ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವಾದರೋ ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡುವವರು. ಇತಿಹಾಸದ ಪಂಡಿತರೂ ಅಲ್ಲ, ಸಂಗೀತದ ಪಂಡಿತರೂ ಅಲ್ಲ. ಆದುದರಿಂದ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕೇಳುತ್ತ ಬಂದ ಒಂದೇ ಒಂದು ಹಾಡಿನ ಇತಿಹಾಸವನ್ನು ವಾಚಕರ ಮುಂದಿಡಬೇಕೆಂದು ಮನಸ್ಸು ಮಾಡಿದೆವು. ಆ ಹಾಡು ಕನ್ನಡದ್ದಲ್ಲ. ಹಿಂದೀ ಠುಮರಿಗೆ ಕನ್ನಡ ಹಬ್ಬದಲ್ಲೇನು ಕೆಲಸವೆಂದು ಯಾರಾದರೂ ಹುಬ್ಬು ಗಂಟಿಕ್ಕಿದರೆ, ದಯಮಾಡಿ ಲೇಖನ ಮುಗಿಯುವವರೆಗೆ ತಾಳಿಕೊಳ್ಳಬೇಕೆಂದು ಬಿನ್ನವಿಸಿಕೊಳ್ಳುತ್ತೇವೆ.

ಹಾಡಿನ ಹೆಸರು ‘ಪಿಯಾ ಬಿನ್ ನಹೀ ಆವತ ಚೈನ್’. ನಲ್ಲನಿಲ್ಲದೆ ಸಮಾಧಾನವಿಲ್ಲವೆಂದು ಒಬ್ಬ ವಿರಹಿಣಿ ಹೇಳಿಕೊಳ್ಳುವಷ್ಟೇ ಅದರ ವಿಷಯ. ಕಥೆಯಿಲ್ಲ, ವರ್ಣನೆಯಿಲ್ಲ. ರಾಗ ಝಿಂಝೋಟಿ. ನಮ್ಮ ಅಜ್ಜನವರ ಬಳಿ ಕೀಲಿ ಕೊಟ್ಟು ನಡೆಸುವ ಪೆಟ್ಟಿಗೆಯ ಗ್ರಾಮಾಫೋನು ಒಂದಿತ್ತು. ಅದರೊಡನೆ ಉಳಿದುಬಂದ ಕೆಲವೇ ಪ್ಲೇಟುಗಳಲ್ಲಿ ಖಾನಸಾಹೇಬ ಅಬ್ದುಲ್ ಕರೀಮ ಖಾನರ ಈ ಠುಮರಿಯೂ ಒಂದು. ನಮ್ಮ ತಂದೆಯವರು ಮಾತ್ರ ರೇಡಿಯೋ ಸಿಲೋನಿನ ಕಾಲದವರು. ಅಲ್ಲಿ ಪ್ರತಿ ಮುಂಜಾನೆ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮ ಎಂಟು ಗಂಟೆಗೆ ಮುಗಿಯುವಾಗ ಕೊನೆಯ ಹಾಡು ಕುಂದನಲಾಲ ಸೈಗಲರದೇ ಆಗಿರುತ್ತಿತ್ತೆಂಬುದನ್ನು ಹಿರಿಯ ಸದಸ್ಯರು ಬಲ್ಲರು. ಸೈಗಲರೂ ಇದೇ ಠುಮರಿಯನ್ನು ‘ದೇವದಾಸ’ ಚಿತ್ರದಲ್ಲಿ ಹಾಡಿದ್ದಾರೆ. ಅದನ್ನು ತಂದೆಯವರು ಹಚ್ಚಿದಾಗಲೆಲ್ಲ ಅಜ್ಜ ಮುಖ ತಿರುಗಿಸುತ್ತಿದ್ದರು.

“ಏನ ಅದ ಅದರಾಗ? ನಕಲು. ಖಾನಸಾಹೇಬರ ಎಂಜಲಾ!” ಎನ್ನುತ್ತಿದ್ದರು ಅಜ್ಜ.

“ಎಂಜಲ ಯಾಕ ಅಂತೀರಿ ಅಪ್ಪಾ? ಪ್ರಸಾದ ಅನ್ನರಿ” ಎನ್ನುತ್ತಿದ್ದರು ತಂದೆ.

ಈ ವಾದ ನಮ್ಮ ಮನೆಯಲ್ಲಿ ಎಂದೂ ತೀರ್ಮಾನವಾಗಲಿಲ್ಲ. ಇಬ್ಬರಲ್ಲಿ ಯಾರ ಮಾತು ಸರಿ? ಅದನ್ನು ತಿಳಿಯಬೇಕಾದರೆ ಹಾಡು ನಡೆದು ಬಂದ ದಾರಿಯನ್ನೇ ಹಿಡಿದು ಹೋಗಬೇಕು.

ಮೊದಲ ಕಂಠ

ಅಬ್ದುಲ್ ಕರೀಮ ಖಾನರು ಹುಟ್ಟಿದ್ದು 1872ನೆಯ ಇಸವಿ ನವೆಂಬರ 11ರಂದು, ಉತ್ತರ ಹಿಂದುಸ್ತಾನದ ಕೈರಾನಾ ಎಂಬ ಊರಿನಲ್ಲಿ. ಕಿರಾಣಾ ಘರಾಣೆಗೆ ಹೆಸರು ಬಂದದ್ದು ಈ ಊರಿನಿಂದಲೇ. ತರುಣರಾಗಿದ್ದಾಗ ಬಡೋದೆಯ ದರಬಾರಿನಲ್ಲಿದ್ದರು. ಅಲ್ಲಿ ತಾರಾಬಾಯಿ ಮಾನೆಯವರನ್ನು ವರಿಸಿ, ಸಂಸ್ಥಾನವನ್ನು ಬಿಟ್ಟು ದಕ್ಷಿಣದತ್ತ ಬಂದರು. ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ, ಸರಸ್ವತೀ ರಾಣೆ ಮೊದಲಾದ ಗಾಯಕರೆಲ್ಲ ಈ ದಂಪತಿಗಳ ಮಕ್ಕಳೇ. ಮುಂದೆ 1922ರಲ್ಲಿ ತಾರಾಬಾಯಿಯವರು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ವಿರಹವೆಂಬುದು ಖಾನಸಾಹೇಬರಿಗೆ ಬರಿಯ ಹಾಡಿನ ವಿಷಯವಾಗಿರಲಿಲ್ಲವೆಂಬುದನ್ನು ಇಷ್ಟರಿಂದಲೇ ಊಹಿಸಬಹುದು.

ಕೈರಾನಾದಲ್ಲಿ ಹುಟ್ಟಿದವರು ನೆಲೆಸಿದ್ದು ಮಿರಜದಲ್ಲಿ. ನಾವು ಪುಣೆಯ ಕನ್ನಡಿಗರು ದೀಪಾವಳಿಗೋ ಬೇಸಿಗೆಯ ರಜೆಗೋ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುವಾಗ ಮಿರಜ ಜಂಕ್ಷನ್ನನ್ನು ದಾಟದೆ ಹೋಗುವುದು ಅಪರೂಪ. ಗಾಡಿ ನಿಂತಾಗ ಚಹಾ ಕುಡಿಯುತ್ತೇವೆ, ನೀರು ತುಂಬಿಕೊಳ್ಳುತ್ತೇವೆ, ಗಡಿಯಾರ ನೋಡಿಕೊಳ್ಳುತ್ತೇವೆ. ತಂಬೂರಿ-ಸಿತಾರಗಳನ್ನು ತಯಾರಿಸುವ ಕುಶಲಿಗರ ಓಣಿ ಈ ಊರಿನಲ್ಲಿದೆ, ಖ್ವಾಜಾ ಮೀರಾಸಾಹೇಬರ ದರ್ಗಾ ಇದೆ, ಆ ದರ್ಗಾದ ಆವರಣದಲ್ಲಿ ಖಾನಸಾಹೇಬರ ನೆನಪಿನಲ್ಲಿ ವರ್ಷವರ್ಷವೂ ಗಾಯನಸೇವೆ ನಡೆಯುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಖಾನಸಾಹೇಬರು ಸ್ವತಃ ವಾದ್ಯಗಳನ್ನು ದುರಸ್ತಿ ಮಾಡಬಲ್ಲವರಾಗಿದ್ದರು. ತಂಬೂರಿಯ ಶ್ರುತಿ ಕೂಡದೆ ಅವರ ಬಾಯಿಂದ ಸ್ವರ ಹೊರಡುತ್ತಿರಲಿಲ್ಲ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ ಆಂಗ್ಲ ಅಧಿಕಾರಿ ಕ್ಲೆಮೆಂಟ್ಸರೂ 22 ಶ್ರುತಿಗಳ ಶೋಧನೆಗೆ ತೊಡಗಿದಾಗ ತಮ್ಮ ಕಂಠವನ್ನೇ ಅಳತೆಗೋಲಾಗಿ ಕೊಟ್ಟವರು ಈ ಖಾನಸಾಹೇಬರು.

ನಮ್ಮ ನಾಡಿಗೂ ಅವರಿಗೂ ಇದ್ದ ನಂಟು ಹಳೆಯದು. ಮೈಸೂರು ಅರಮನೆಗೆ ಅವರು ಹಲವು ಸಲ ಹೋಗಿ ಹಾಡಿದರು. ‘ಸಂಗೀತರತ್ನ’ ಬಿರುದನ್ನು ಪಡೆದರು. ಅಲ್ಲಿ ದಕ್ಷಿಣಾದಿ ಸಂಗೀತವನ್ನು ಕಿವಿಗೊಟ್ಟು ಕೇಳಿದರು. ಕೇಳಿ ಸುಮ್ಮನಿರದೆ ಸರಿಗಮಗಳನ್ನು ಬಿಡಿಬಿಡಿಯಾಗಿ ಹಾಡುವ ಕ್ರಮವನ್ನು ತಮ್ಮದನ್ನಾಗಿ ಮಾಡಿಕೊಂಡರು. ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿಯನ್ನೂ ಪ್ಲೇಟಿಗೆ ಹಾಡಿಕೊಟ್ಟರು. ಪರರ ಸೊತ್ತನ್ನು ಪ್ರೀತಿಯಿಂದ ಎತ್ತಿಕೊಂಡು ತಮ್ಮ ಕಂಠದಲ್ಲಿ ನುಡಿಸಿದವರು ಮೊದಲಿಗೆ ಖಾನಸಾಹೇಬರೇ ಎಂಬುದನ್ನು ನಮ್ಮ ಅಜ್ಜನವರು ಮರೆತಿದ್ದರೆಂದು ತೋರುತ್ತದೆ!

ಮೈಸೂರಿಗೆ ಹೋಗಿಬರುವ ದಾರಿಯಲ್ಲಿ ಅವರು ಧಾರವಾಡದ ಸೀಮೆಯಲ್ಲಿ ತಂಗುತ್ತಿದ್ದರು. ಕುಂದಗೋಳದ ರಾಮಭಾವು ಎಂಬ ತರುಣ ಅವರ ಶಿಷ್ಯನಾದದ್ದು ಹೀಗೆ. ಮುಂದೆ ‘ಸವಾಯಿ ಗಂಧರ್ವ’ ಎಂದು ನಾಡೆಲ್ಲ ಹೆಸರಾದವರು ಅವರೇ. ಹುಬ್ಬಳ್ಳಿ-ಧಾರವಾಡಕ್ಕೆ ಬಂದಾಗ ಖಾನಸಾಹೇಬರು ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಮನೆಗೆ ಹೋಗಿ ಅವರ ಕರ್ನಾಟಕೀ ಗಾಯನವನ್ನು ಕೂತು ಕೇಳುತ್ತಿದ್ದರು. ಅಷ್ಟು ದೊಡ್ಡ ಉಸ್ತಾದರು ಒಬ್ಬ ಗೃಹಿಣಿಯ ಮುಂದೆ ಕೇಳುಗರಾಗಿ ಕೂಡುವುದೆಂದರೆ ಅದು ಸಣ್ಣ ಮಾತಲ್ಲ. 1913ರಲ್ಲಿ ಅವರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು. ಹೀಗೆ ನಮ್ಮ ಊರಿಗೂ ನಾವಿರುವ ಊರಿಗೂ ಅವರು ಸಮನಾಗಿ ಸಲ್ಲುತ್ತಾರೆ.

ಈಗ ಆ ಪ್ಲೇಟಿನ ಮಾತು. ಆ ಕಾಲದ 78 ಸುತ್ತಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಮೂರು, ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಒಂದು ರಾಗವನ್ನು ಗಂಟೆಗಟ್ಟಲೆ ಬಿಡಿಸುವವರಿಗೆ ಇದು ಸೆರೆಮನೆಯಂತೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಖಾನಸಾಹೇಬರು ಆ ಮೂರು ನಿಮಿಷಗಳಲ್ಲಿಯೂ ಅವಸರಪಡುವುದಿಲ್ಲ. ಅವರ ದನಿ ಏರುದನಿ. ತೆಳ್ಳಗೆ, ಎಳೆ ಎಳೆಯಾಗಿ, ರೇಷ್ಮೆಯ ದಾರ ನೂತಂತೆ ಬರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಎಲ್ಲಿಯೂ ಹರಿಯುವುದಿಲ್ಲ. ನೋವನ್ನು ಅವರು ಕೂಗಿ ಹೇಳುವುದಿಲ್ಲ, ಆದರೆ ಮುಚ್ಚಿಡುವುದೂ ಇಲ್ಲ. ಪ್ಲೇಟು ಸವೆದು ಕರಕರ ಸದ್ದು ಮಾಡುತ್ತಿದ್ದರೂ ಆ ದನಿ ಮಳೆಯ ಆಚೆಯಿಂದ ಯಾರೋ ಕರೆದಂತೆ ಕೇಳುತ್ತಿತ್ತು.

ಎರಡನೆಯ ಕಂಠ

ಇನ್ನು ಸೈಗಲರ ವಿಚಾರ. 1904ನೆಯ ಇಸವಿ ಏಪ್ರಿಲ್ 11ರಂದು ಜಮ್ಮುವಿನಲ್ಲಿ ಹುಟ್ಟಿದರು. ತಂದೆ ಅಲ್ಲಿಯ ಸಂಸ್ಥಾನದಲ್ಲಿ ತಹಶೀಲದಾರರು. ತಾಯಿಯ ಬೆರಳು ಹಿಡಿದುಕೊಂಡು ಭಜನೆಗಳಿಗೆ ಹೋಗಿ ಹಾಡು ಕಲಿತ ಹುಡುಗ. ಯಾವ ಉಸ್ತಾದರ ಮನೆಯಲ್ಲಿಯೂ ಹತ್ತು-ಹನ್ನೆರಡು ವರ್ಷ ಕೂತು ಕಲಿತವರಲ್ಲ. ಹೊಟ್ಟೆಯ ಪಾಡಿಗಾಗಿ ರೈಲ್ವೆಯಲ್ಲಿ ಟೈಂಕೀಪರರಾಗಿ ದುಡಿದರು. ಆಮೇಲೆ ರೆಮಿಂಗ್ಟನ್ ಕಂಪನಿಯ ಟೈಪ್‌ರೈಟರುಗಳನ್ನು ಊರೂರು ತಿರುಗಿ ಮಾರಿದರು. ಕಾಗದ-ಪತ್ರಗಳ ನಡುವೆ ಬಾಳುವ ನಮ್ಮಂಥವರಿಗೆ ಈ ಸಂಗತಿ ಏನೋ ಒಂದು ಸಮಾಧಾನವನ್ನು ಕೊಡುತ್ತದೆಂದು ಒಪ್ಪಿಕೊಳ್ಳುತ್ತೇವೆ.

1931ರಲ್ಲಿ ಬಿ. ಎನ್. ಸರ್ಕಾರ ಎಂಬವರು ಕಲಕತ್ತೆಯಲ್ಲಿ ನ್ಯೂ ಥಿಯೇಟರ್ಸ್ ಎಂಬ ಚಿತ್ರಸಂಸ್ಥೆಯನ್ನು ಸ್ಥಾಪಿಸಿದರು. ರಾಯಚಂದ ಬೋರಾಲ, ಪಂಕಜ ಮಲ್ಲಿಕ, ತಿಮಿರ ಬರನ್ ಮುಂತಾದ ಸಂಗೀತಗಾರರು ಅಲ್ಲಿ ಕೂಡಿದರು. ಸೈಗಲರೂ ಅಲ್ಲಿಗೇ ಬಂದು ಸೇರಿದರು. ಶರಚ್ಚಂದ್ರ ಚಟ್ಟೋಪಾಧ್ಯಾಯರು 1917ರಲ್ಲಿ ಪ್ರಕಟಿಸಿದ ‘ದೇವದಾಸ’ ಕಾದಂಬರಿಯನ್ನು ಪ್ರಮಥೇಶ ಬರುವಾ ಅವರು 1935ರಲ್ಲಿ ವಾಕ್ಚಿತ್ರವನ್ನಾಗಿ ಮಾಡಿದರು. ಬಂಗಾಲಿಯಲ್ಲಿ ಬರುವಾ ಅವರೇ ನಾಯಕರು, ಹಿಂದಿಯಲ್ಲಿ ಸೈಗಲರು. ಛಾಯಾಗ್ರಾಹಕ ಬಿಮಲ ರಾಯರು. ಇದೇ ಕಥೆಯನ್ನು ಬಿಮಲ ರಾಯರು ತಾವೇ ನಿರ್ದೇಶಕರಾಗಿ 1955ರಲ್ಲಿ ಮತ್ತೊಮ್ಮೆ ತೆಗೆದರೆಂಬುದು ವಾಚಕರಿಗೆ ತಿಳಿದ ವಿಷಯವೇ.

ಆ ಚಿತ್ರದಲ್ಲಿ ಸೈಗಲರು ಹಾಡಿದ ಬೇರೆ ಹಾಡುಗಳು ಹೆಚ್ಚು ಜನಪ್ರಿಯವಾದವು. ಆದರೆ ಖಾನಸಾಹೇಬರ ಠುಮರಿಯನ್ನು ಅವರು ಎತ್ತಿಕೊಂಡ ರೀತಿಯೇ ಬೇರೆ. ಮೊದಲ ಸಾಲಿನಲ್ಲಿಯೇ ಎರಡು ಶಬ್ದಗಳು ಸ್ಥಾನ ಬದಲಿಸಿಕೊಂಡಿವೆ. ‘ನಹೀ ಆವತ’ ಎಂಬುದು ಸೈಗಲರ ಬಾಯಲ್ಲಿ ‘ಆವತ ನಹೀ’ ಆಗಿದೆ. ಅರ್ಥದಲ್ಲಿ ಏನೂ ವ್ಯತ್ಯಾಸವಿಲ್ಲ. ಆದರೆ ‘ಇಲ್ಲ’ ಎಂಬ ಮಾತು ಸ್ವಲ್ಪ ತಡವಾಗಿ ಬರುತ್ತದೆ. ಬಂದೀತು ಎಂಬ ಆಸೆ ಅರೆಗಳಿಗೆ ಉಳಿದು ಆಮೇಲೆ ಆರುತ್ತದೆ. ಇದು ನಮ್ಮ ಕಿವಿಯ ಕಲ್ಪನೆಯಿದ್ದರೂ ಇರಬಹುದು, ಬಲ್ಲವರು ಕ್ಷಮಿಸಬೇಕು.

ಮುಖ್ಯವಾದ ವ್ಯತ್ಯಾಸವೆಂದರೆ ದನಿಯದು. ಖಾನಸಾಹೇಬರು ಏರಿದ ಎತ್ತರಕ್ಕೆ ಸೈಗಲರು ಏರಲು ಹೋಗುವುದೇ ಇಲ್ಲ. ಕೆಳಗಿನ ಸ್ಥಾಯಿಯಲ್ಲಿ, ಮಾತಿಗೂ ಹಾಡಿಗೂ ನಡುವಿನ ಒಂದು ಜಾಗದಲ್ಲಿ, ಪಕ್ಕದಲ್ಲಿ ಕೂತವರಿಗಷ್ಟೇ ಕೇಳಿಸಿದರೆ ಸಾಕೆಂಬಂತೆ ಹಾಡುತ್ತಾರೆ. ತಾನಗಳ ಸುರಿಮಳೆಯಿಲ್ಲ, ತಮ್ಮ ಬಲವನ್ನು ತೋರಿಸುವ ಹಟವಿಲ್ಲ. ಹಿರಿಯರೊಬ್ಬರು ಹೊದ್ದ ಶಾಲನ್ನು ಮಡಿಕೆ ಕೆಡದಂತೆ ಕೈಯಲ್ಲಿ ಹಿಡಿದುಕೊಂಡಂತೆ ಆ ಹಾಡನ್ನು ಹಿಡಿದುಕೊಂಡಿದ್ದಾರೆ.

ಇಷ್ಟು ಮೆಲ್ಲಗೆ ಹಾಡುವುದು ಆಗ ಸಾಧ್ಯವಾದುದಕ್ಕೆ ಯಂತ್ರದ ಕಾರಣವೂ ಉಂಟು. 1925ಕ್ಕಿಂತ ಮೊದಲು ಪ್ಲೇಟಿಗಾಗಿ ಹಾಡುವವರು ಒಂದು ದೊಡ್ಡ ಕಹಳೆಯ ಬಾಯೊಳಗೆ ಗಟ್ಟಿಯಾಗಿ ಹಾಡಬೇಕಾಗಿತ್ತು; ದನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಪಿಸುಮಾತು ಅಲ್ಲಿ ನಿಲ್ಲುವಂತಿರಲಿಲ್ಲ. ವಿದ್ಯುತ್ತಿನ ಮೈಕು ಬಂದ ಮೇಲೆ ಉಸಿರಿನ ಸದ್ದು ಕೂಡ ದಾಖಲಾಗತೊಡಗಿತು. ಮೆಹಫಿಲಿನಲ್ಲಿ ನೂರು ಜನರಿಗೆ ಮುಟ್ಟಿಸಬೇಕಾದ ದನಿ ಬೇರೆ, ಮೈಕಿನ ಮೂಲಕ ಒಬ್ಬೊಬ್ಬರ ಕಿವಿಗೂ ಒಂಟಿಯಾಗಿ ಮುಟ್ಟುವ ದನಿ ಬೇರೆ. ಈ ಎರಡನೆಯ ದನಿಯನ್ನು ನಮ್ಮ ದೇಶದಲ್ಲಿ ಮೊದಮೊದಲು ಚೆನ್ನಾಗಿ ಅರಿತುಕೊಂಡವರಲ್ಲಿ ಸೈಗಲರೊಬ್ಬರು. ಹಿನ್ನೆಲೆ ಗಾಯನದ ಪದ್ಧತಿ ನ್ಯೂ ಥಿಯೇಟರ್ಸಿನವರ ‘ಧೂಪ್ ಛಾಂವ್’ ಚಿತ್ರದಿಂದ 1935ರಲ್ಲಿ ಬಳಕೆಗೆ ಬಂತು. ಅದಕ್ಕೆ ಮೊದಲು ನಟನಾದವನು ಕ್ಯಾಮರಾದ ಮುಂದೆ ಅಭಿನಯಿಸುತ್ತಲೇ ಹಾಡಬೇಕಾಗಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು.

ಇನ್ನೊಂದು ಸಂಗತಿ. ಠುಮರಿಯ ಮಾತು ಹೆಣ್ಣಿನದು. ನಮ್ಮ ದೇಶದ ವಿರಹಗೀತೆಗಳಲ್ಲಿ ಗಂಡಸು ಹೆಣ್ಣಿನ ಬಾಯಲ್ಲಿ ನಿಂತು ಹಾಡುವುದು ಹೊಸದೇನಲ್ಲ. ‘ಶರಣ ಸತಿ, ಲಿಂಗ ಪತಿ’ ಎಂದ ಶಿವಶರಣರ ನಾಡಿನವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಖಾನಸಾಹೇಬರು ಹಾಡಿದಾಗ ಕೇಳುವವರಿಗೆ ಗಾಯಕನ ಹೆಸರು ಮರೆತು ವಿರಹಿಣಿಯೊಬ್ಬಳೇ ಉಳಿಯುತ್ತಾಳೆ; ಆ ನಲ್ಲ ದೇವರಾದರೂ ಆಗಬಹುದು. ‘ದೇವದಾಸ’ದಲ್ಲಿ ಹಾಗಲ್ಲ. ಅಲ್ಲಿ ಹಾಡುವವನು ಬೇಕಾದ ಹೊತ್ತಿನಲ್ಲಿ ತಂದೆಯೆದುರು ಬಾಯಿ ಬಿಡದೆ, ಪಾರ್ವತಿಯನ್ನು ತನ್ನ ಹೇಡಿತನದಿಂದಲೇ ಕಳೆದುಕೊಂಡ ಗಂಡಸು. ಅಗಲಿಕೆಯನ್ನು ತಾನೇ ತಂದುಕೊಂಡವನು ಅಗಲಿದವಳ ಮಾತನ್ನು ಹಾಡುತ್ತಾನೆ. ಹಾಗಿರುವಾಗ ಗಟ್ಟಿಯಾಗಿ ಹಾಡಲು ಅವನಿಗೆ ಮುಖವೆಲ್ಲಿ? ಆ ಮೆಲುದನಿಯಲ್ಲಿ ದುಃಖದೊಡನೆ ನಾಚಿಕೆಯೂ ಕಲೆತಿದೆ. ಆದುದರಿಂದ ಸೈಗಲರದು ಬರಿಯ ನಕಲೆಂದು ಹೇಳಲು ನಮ್ಮ ನಾಲಗೆ ಏಳುವುದಿಲ್ಲ. ಹಾಡು ಅದೇ, ಅದು ಹೊಕ್ಕ ಮನೆ ಬೇರೆ.

ಖಾನಸಾಹೇಬರು ಇದನ್ನು ಕೇಳಿ ಏನೆಂದರು? ಅವರು ಚಿತ್ರವನ್ನು ನೋಡಿ ಕಣ್ಣು ತುಂಬಿಕೊಂಡರೆಂದೂ, ಮೆಚ್ಚಿ ಸೈಗಲರಿಗೆ ನೂರು ರೂಪಾಯಿ ಕಳಿಸಿದರೆಂದೂ ರಸಿಕರು ಬಾಯಿಂದ ಬಾಯಿಗೆ ಹೇಳುತ್ತ ಬಂದಿದ್ದಾರೆ. ಇದಕ್ಕೆ ಪಾವತಿ ಯಾರ ಬಳಿಯೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ನಾವು ಇದನ್ನು ಜಮಾ ಹಿಡಿಯಲಾರೆವು. ಆದರೆ ಜನ ಇಂಥದೊಂದು ಕಥೆಯನ್ನು ಪ್ರೀತಿಯಿಂದ ಉಳಿಸಿಕೊಂಡು ಬಂದಿರುವುದೇ ಒಂದು ಸಾಕ್ಷಿ. ಹಿರಿಯರು ಕಿರಿಯರನ್ನು ಹರಸಬೇಕೆಂದು ಜನದ ಆಸೆ.

ಗದಗಿನ ಹುಡುಗ

ಇಲ್ಲಿಗೆ ಕಥೆ ಮುಗಿಯಲಿಲ್ಲ. ಇದೇ ಪ್ಲೇಟು ನಮ್ಮ ಗದಗಿನಲ್ಲಿ ಒಂದು ಅಂಗಡಿಯಲ್ಲಿ ಹಾಡುತ್ತಿದ್ದಾಗ ಶಾಲೆಯಿಂದ ಮನೆಗೆ ಹೊರಟ ಹುಡುಗನೊಬ್ಬ ಅದನ್ನು ಕೇಳಿ ನಿಂತುಬಿಟ್ಟ. ಶಾಲಾ ಮಾಸ್ತರರಾದ ಗುರುರಾಜ ಜೋಶಿಯವರ ಮಗ; 1922ರಲ್ಲಿ ಹುಟ್ಟಿದ ಭೀಮಸೇನ. ಭಜನೆಯ ಮೇಳ, ಬ್ಯಾಂಡಿನ ಮೆರವಣಿಗೆ ಕಂಡರೆ ಸಾಕು, ಹಿಂದೆಯೇ ಹೊರಟು ಎಲ್ಲೋ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಬೇಸತ್ತ ತಂದೆ ಕೊನೆಗೆ ಹುಡುಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿಟ್ಟರಂತೆ. ಸಿಕ್ಕವರು ಮನೆಗೆ ತಲುಪಿಸಲೆಂದು!

ಆ ಠುಮರಿಯನ್ನು ಕೇಳಿದ ಮೇಲೆ ಹಾಗೆಯೇ ತಾನೂ ಹಾಡಬೇಕೆಂಬ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಕೈಯಲ್ಲಿ ಕಾಸಿಲ್ಲ, ಟಿಕೀಟಿಲ್ಲ. ಸಹಪ್ರಯಾಣಿಕರ ಮುಂದೆ ಹಾಡಿ, ಅವರು ಕೊಟ್ಟದ್ದನ್ನು ತಿಂದು, ಬಿಜಾಪುರ, ಪುಣೆ, ಗ್ವಾಲಿಯರ ಎಂದು ಅಲೆದ. ಕಲಕತ್ತೆಗೆ ಹೋದಾಗ ಪಹಾಡಿ ಸನ್ಯಾಲರ ಮನೆಯಲ್ಲಿ ಆಳಾಗಿ ನಿಂತ. ಈ ಪಹಾಡಿ ಸನ್ಯಾಲರು ಯಾರೆಂದರೆ ಸೈಗಲರಿದ್ದ ಅದೇ ನ್ಯೂ ಥಿಯೇಟರ್ಸಿನ ನಟರು, ಗಾಯಕರು. ಎಂಥ ವಿಚಿತ್ರ ನೋಡಿರಿ! ಯಾವ ಹಾಡು ಗದಗಿನ ಹುಡುಗನನ್ನು ಮನೆಯಿಂದ ಹೊರಗೆಳೆಯಿತೋ ಅದೇ ಹಾಡನ್ನು ಬೋಲಪಟಕ್ಕೆ ತಂದ ಕಂಪನಿಯ ನಟರೊಬ್ಬರ ಮನೆಯಲ್ಲಿ ಅವನಿಗೆ ಕೂಳು ದೊರೆಯಿತು.

ಕೊನೆಗೆ ಜಾಲಂಧರದಲ್ಲಿ ಪಂಡಿತ ವಿನಾಯಕರಾವ ಪಟವರ್ಧನರು ಹುಡುಗನನ್ನು ಕಂಡು, ಗುರುವಿಗಾಗಿ ಇಷ್ಟು ದೂರ ಬರುವುದೇಕೆ, ನಿನ್ನ ಊರ ಹತ್ತಿರವೇ ಸವಾಯಿ ಗಂಧರ್ವರಿದ್ದಾರಲ್ಲ ಎಂಬ ಅರ್ಥದ ಮಾತನಾಡಿದರು. ತಂದೆ ಬಂದು ಕರೆದೊಯ್ದರು. 1936ರಲ್ಲಿ ಭೀಮಸೇನರು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆ ಸೇರಿದರು. ನೀರು ಹೊತ್ತರು, ಕಸ ಗುಡಿಸಿದರು, ಕಲಿತರು. ಖಾನಸಾಹೇಬರ ಪ್ಲೇಟನ್ನು ಕೇಳಿ ಹೊರಟವರು ಖಾನಸಾಹೇಬರ ಶಿಷ್ಯನ ಕಾಲ ಬುಡಕ್ಕೇ ಬಂದು ನಿಂತರು. ಗದಗಿನಿಂದ ಅಲ್ಲಿಗೆ ಎಷ್ಟು ದೂರ! ಗಾಡಿಯಲ್ಲಿ ಕೆಲವೇ ತಾಸಿನ ದಾರಿ. ಆದರೆ ಆ ದಾರಿ ಕಲಕತ್ತೆ, ಜಾಲಂಧರಗಳನ್ನು ಸುತ್ತಿಕೊಂಡು ಹೋಗಬೇಕಾಗಿತ್ತು.

ಸವಾಯಿ ಗಂಧರ್ವರು 1952ರಲ್ಲಿ ಇದೇ ಪುಣೆಯಲ್ಲಿ ತೀರಿಕೊಂಡರು. ಮರುವರ್ಷದಿಂದ ಭೀಮಸೇನರು ಗುರುವಿನ ಹೆಸರಿನಲ್ಲಿ ಇಲ್ಲಿ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದರು. ಅವರಿಗೆ 2008ರಲ್ಲಿ ಭಾರತರತ್ನ ಘೋಷಿತವಾಯಿತು. 2011ರ ಜನವರಿ 24ರಂದು ಪುಣೆಯಲ್ಲಿಯೇ ಕಾಲವಾದರು. ಪುರಂದರದಾಸರ ಪದಗಳನ್ನು ಅವರ ಕಂಠದಲ್ಲಿ ಕೇಳದ ಕನ್ನಡದ ಮನೆ ಈ ಊರಿನಲ್ಲಿ ಇದ್ದಂತಿಲ್ಲ. ಅದರ ಬೇರು ಹುಡುಕಿದರೆ ಕೈರಾನಾದಲ್ಲಿ ಹುಟ್ಟಿದ ಒಬ್ಬ ಮುಸಲ್ಮಾನ ಗಾಯಕರ ಹಿಂದೀ ವಿರಹಗೀತೆಗೆ ಹೋಗಿ ಮುಟ್ಟುತ್ತದೆ. ರಾಜ್ಯೋತ್ಸವದ ಸಂಚಿಕೆಯಲ್ಲಿ ಈ ಹಾಡಿಗೆ ಜಾಗವೇಕೆ ಎಂದು ಮೊದಲಲ್ಲಿ ಕೇಳಿದ ಪ್ರಶ್ನೆಗೆ ಇದು ನಮ್ಮ ಉತ್ತರ.

ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣ

ಖಾನಸಾಹೇಬರ ಕೊನೆಯ ದಿನವನ್ನು ಹೇಳದೆ ಈ ಲೇಖನವನ್ನು ಮುಗಿಸುವಂತಿಲ್ಲ. 1937ರ ಅಕ್ಟೋಬರ ತಿಂಗಳು. ಮದರಾಸಿನಲ್ಲಿ ಹಾಡಿ, ಅಲ್ಲಿಂದ ಪುದುಚೇರಿಯ ಶ್ರೀ ಅರವಿಂದಾಶ್ರಮಕ್ಕೆ ಶಿಷ್ಯರೊಡನೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡಿತು. ಚೆಂಗಲ್ಪಟ್ಟಿನ ಸಮೀಪದ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಬಿಚ್ಚಿಸಿದರು. ತಂಬೂರಿ ಶ್ರುತಿ ಮಾಡಲು ಹೇಳಿದರು. ದರಬಾರೀ ಕಾನಡಾ ರಾಗದಲ್ಲಿ ದೇವರ ನಾಮವನ್ನು ಹಾಡುತ್ತ ಅಕ್ಟೋಬರ 27ರಂದು ಕಣ್ಣು ಮುಚ್ಚಿದರು. 65 ತುಂಬಲು ಇನ್ನು ಹದಿನೈದೇ ದಿನಗಳಿದ್ದವು. ದೇಹವನ್ನು ಮಿರಜಕ್ಕೆ ತಂದು ದಫನು ಮಾಡಿದರು.

ಉತ್ತರದಲ್ಲಿ ಹುಟ್ಟಿ, ಮರಾಠಿ-ಕನ್ನಡದ ಸೀಮೆಯಲ್ಲಿ ಬಾಳಿ, ತಮಿಳು ನೆಲದ ಒಂದು ಪ್ಲಾಟ್‌ಫಾರ್ಮಿನಲ್ಲಿ ಮುಗಿದ ಬಾಳು ಅದು. ಸೈಗಲರೂ ಹೆಚ್ಚು ದಿನ ಬಾಳಲಿಲ್ಲ. ಕಲಕತ್ತೆ, ಮುಂಬಯಿಗಳಲ್ಲಿ ಕೀರ್ತಿ ಪಡೆದು, ಕುಡಿತದಿಂದ ದೇಹ ಸವೆದು, 1947ರ ಜನವರಿ 18ರಂದು ಜಾಲಂಧರದಲ್ಲಿ ತೀರಿಕೊಂಡರು. 42 ವರ್ಷ ವಯಸ್ಸು. ಇಬ್ಬರೂ ಹುಟ್ಟಿದ ಊರನ್ನು ಬಿಟ್ಟು ಬಂದವರು. ನಲ್ಲನಿಲ್ಲದೆ ನೆಮ್ಮದಿಯಿಲ್ಲವೆಂಬ ಮಾತು ಊರು ಬಿಟ್ಟವರ ಬಾಯಲ್ಲಿ ಬೇರೆ ತೆರನಾಗಿ ಕೇಳುವುದರಲ್ಲಿ ಆಶ್ಚರ್ಯವೇನಿದೆ?

ಎಂಜಲೋ ಪ್ರಸಾದವೋ

ಈಗ ನಮ್ಮ ಮನೆಯ ವಾದಕ್ಕೆ ಬರೋಣ. ಅಜ್ಜನವರು ಈಗಿಲ್ಲ. ಗ್ರಾಮಾಫೋನಿನ ಕಮಾನು ಮುರಿದು ವರ್ಷಗಳಾದವು. ಎರಡೂ ಹಾಡುಗಳು ಈಗ ಅಂಗೈಯಗಲದ ಮೊಬೈಲಿನಲ್ಲಿ ಒಂದರ ಪಕ್ಕದಲ್ಲೊಂದು ಕೂತಿವೆ. ಒಂದು ಭಾನುವಾರ ಅವೆರಡನ್ನೂ ಒಂದಾದ ಮೇಲೊಂದು ಹಚ್ಚಿ ಕೇಳುತ್ತಿದ್ದೆವು. ಏಳು ವರ್ಷದ ನಮ್ಮ ಮಗಳು ಆಟದಿಂದ ಓಡಿ ಬಂದು, “ಅಜ್ಜೀ, ನನಗ ಭೂಕ ಲಾಗೇದ” ಎಂದಳು. ಮನೆಯ ಹೊರಗೆಲ್ಲ ಮರಾಠಿ. ಮಗುವಿನ ಬಾಯಲ್ಲಿ ಹೀಗೆ ಆಗುವುದು ಸಹಜವೇ. ಆದರೆ ನಮಗೆ ಎಲ್ಲಿಲ್ಲದ ಸಿಟ್ಟು ಬಂತು. “ಇದೆಂಥಾ ಕನ್ನಡಾನೇ? ಅರ್ಧಾ ನಕಲೀ ಮಾಲು!” ಎಂದು ಗದರಿಸಿದೆವು. ಮಗು ಪೆಚ್ಚಾಗಿ ನಿಂತುಬಿಟ್ಟಿತು.

ನಕಲು ಎಂಬ ಮಾತು ಬಾಯಿಂದ ಹೊರಬಿದ್ದ ಕೂಡಲೆ ಅಜ್ಜನ ನೆನಪಾಯಿತು. ನಮ್ಮ ತಾಯಿಯವರು ಮಾತ್ರ ಏನೂ ಆಗಿಲ್ಲವೆಂಬಂತೆ, “ಹಸಿವ್ಯಾಗೇದೇನ, ನಮ್ಮವ್ವಾ? ಬಾ” ಎಂದು ಅವಳ ಕೈ ಹಿಡಿದು ಒಳಗೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ಮಗುವಿನ ದನಿ ಕೇಳಿಸಿತು: “ಇನ್ನೂ ಒಂದ ರೊಟ್ಟಿ ಬೇಕ್ರಿ ಅಜ್ಜೀ, ಭಾಳ ಹಸಿವ್ಯಾಗೇದ.” ಗದರಿಕೆಯಿಂದ ಬಾರದ ಶಬ್ದ ರೊಟ್ಟಿಯೊಡನೆ ಬಂದಿತ್ತು.

ಅಂದು ನಮಗೆ ತೋರಿದ್ದಿಷ್ಟು. ನಾವಾಡುವ ಕನ್ನಡ ನಮ್ಮ ಅಜ್ಜಿಯಂದಿರ ಕನ್ನಡವಲ್ಲ. ನಮ್ಮ ಮಕ್ಕಳದು ನಮ್ಮದೂ ಅಲ್ಲ. ಖಾನಸಾಹೇಬರ ಎತ್ತರ ಸೈಗಲರಿಗೆ ಬೇಕಾಗಿರಲಿಲ್ಲ. ತಮ್ಮ ಕಂಠಕ್ಕೆ ಎಷ್ಟು ನಿಲುಕಿತೋ ಅಷ್ಟನ್ನು ಮರ್ಯಾದೆಯಿಂದ, ಮೆಲ್ಲಗೆ ಹಾಡಿದರು. ಹಾಡು ಬದುಕಿತು. ಶಬ್ದ ಹಿಂದುಮುಂದಾದರೆ ಆಗಲಿ, ದನಿ ತಗ್ಗಿದರೆ ತಗ್ಗಲಿ. ಹಾಡುವವರೇ ಇಲ್ಲದೆ ಹೋದರೆ ಮಾತ್ರ ಉಳಿಯುವುದು ಸವೆದ ಪ್ಲೇಟು. ಹಾಗೆಂದು ಮೂಲವನ್ನು ಮರೆಯಬಹುದೆಂದು ನಾವು ಹೇಳುತ್ತಿಲ್ಲ. ಸೈಗಲರನ್ನು ಕೇಳಿದವರು ಖಾನಸಾಹೇಬರನ್ನೂ ಹುಡುಕಿಕೊಂಡು ಹೋಗಿ ಕೇಳಬೇಕು. ಗದಗಿನ ಹುಡುಗನಂತೆ ಮೂಲದ ಮನೆಯವರೆಗೂ ನಡೆಯಬೇಕು. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಕಳಿಸಬೇಕೆಂದು ಪ್ರತಿವರ್ಷ ವಿನಂತಿಸುವುದು ಅದಕ್ಕಾಗಿಯೇ. ಆದರೆ ನಡೆಯಲು ಹೊರಟ ಮಗುವನ್ನು ಮೊದಲ ಹೆಜ್ಜೆಯಲ್ಲಿಯೇ ನಕಲೆಂದು ಹೀಯಾಳಿಸಬಾರದು.

ತಂದೆಯವರ ಮಾತೇ ಸರಿಯೆಂದು ಈಗ ಒಪ್ಪುತ್ತೇವೆ. ಪ್ರಸಾದವೆಂದರೆ ಹಂಚಿದಷ್ಟೂ ಕೈಗೆ ಬರುವುದು ಸ್ವಲ್ಪವೇ; ಆದರೂ ಅದನ್ನು ಕಣ್ಣಿಗೊತ್ತಿಕೊಂಡೇ ತಿನ್ನುತ್ತೇವೆ.

ಈ ಸಲ ಊರಿಗೆ ಹೋಗುವಾಗ ಗಾಡಿ ಮಿರಜದಲ್ಲಿ ನಿಂತರೆ, ವಾಚಕರು ಒಂದು ನಿಮಿಷ ಕಿಟಕಿಯಿಂದ ಹೊರಗೆ ನೋಡಬೇಕೆಂದು ನಮ್ಮ ಪ್ರಾರ್ಥನೆ. ಮಕ್ಕಳು ಜೊತೆಗಿದ್ದರೆ ಅವರಿಗೂ ಹೇಳಿರಿ, ಇಲ್ಲೊಬ್ಬರು ಮಲಗಿದ್ದಾರೆಂದು. ಅವರು ಯಾವ ಭಾಷೆಯಲ್ಲಿ ಕೇಳಿದರೂ ಸರಿಯೇ, ನಾವು ಕನ್ನಡದಲ್ಲಿ ಹೇಳೋಣ.